ಎದುರಾಳಿ ಇಲ್ಲದ ಸೈನ್ಯ

ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ಸ್ಪೇಸ್ ಮರೀನ್’ ಎಂಬ ಯೋಧರ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದಿತು. ಒಳಗೆ ಮೂವತ್ತು ಪ್ಲಾಸ್ಟಿಕ್ ಬೊಂಬೆಗಳು, ಬೆಲೆ 9.99 ಪೌಂಡ್. ಒಂದಕ್ಕೆ ಸುಮಾರು 33 ಪೆನ್ಸ್ ಬಿದ್ದಂತಾಯಿತು. ಅದೇ ಕಂಪನಿ 2013ರಲ್ಲಿ ‘ವಿಚ್ ಎಲ್ಫ್’ ಎಂಬ ಯೋಧೆಯರ ಪೆಟ್ಟಿಗೆ ತಂದಾಗ ಒಳಗಿದ್ದದ್ದು ಹತ್ತು ಬೊಂಬೆ, ಬೆಲೆ 35 ಪೌಂಡ್. ಒಂದಕ್ಕೆ ಮೂರೂವರೆ ಪೌಂಡ್. ಈ ಇಪ್ಪತ್ತಾರು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯ ಬೆಲೆಗಳು ಏರಿದ್ದು ಎರಡರಿಂದ ಎರಡೂವರೆ ಪಟ್ಟು. ಬೊಂಬೆಯ ಬೆಲೆ ಹತ್ತು ಪಟ್ಟಿಗೂ ಹೆಚ್ಚು ಏರಿತ್ತು.

ಎರಡೂ ಒಂದೇ ಬಗೆಯ ಬೊಂಬೆಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1987ರವು ಮೊದ್ದು, ಮುಖಕ್ಕೆ ಶಿರಸ್ತ್ರಾಣ, ನಿಲುವಿನಲ್ಲಿ ಬಿಗಿತ. 2013ರವುಗಳಲ್ಲಿ ಹಾರುವ ಕೂದಲಿನ ಎಳೆ, ಕತ್ತಿಯ ಅಲಗು, ಬೆರಳುಗಳ ಹಿಡಿತ ಎಲ್ಲವೂ ಸ್ಪಷ್ಟ. ಕಲೆಗಾರಿಕೆ ನಿಜವಾಗಿಯೂ ಬೆಳೆದಿದೆ. ಒಳ್ಳೆಯ ವಸ್ತುವಿಗೆ ಹೆಚ್ಚು ದುಡ್ಡು ಎಂದು ಒಪ್ಪಿಕೊಂಡರೆ ಚರ್ಚೆ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚೆಂದದ ಬೊಂಬೆ ಕೈಗೆ ಬಂದಾಗಲೇ ತಮಗೆ ಸಿಕ್ಕಿದ್ದು ಕಡಿಮೆ ಎಂದು ಹಳೆಯ ಆಟಗಾರರು ದೂರುತ್ತಾ ಬಂದಿದ್ದಾರೆ. ಇದು ಬರಿ ಹಳೆಯ ದಿನಗಳ ಹಂಬಲ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವರ ದೂರಿನಲ್ಲಿ ಒಂದು ಸತ್ಯವಿದೆ. ಇಂಥ ಆಟದಲ್ಲಿ ಬೆಲೆ ಏರುವುದು, ಮೌಲ್ಯ ಇಳಿಯುವುದು ಎರಡು ಬೇರೆ ಸಂಗತಿಗಳಲ್ಲ. ಮೊದಲನೆಯದೇ ಎರಡನೆಯದಕ್ಕೆ ಕಾರಣವಾಗಬಲ್ಲದು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರಿಂದ ಶುರುವಾಯಿತು. ಈಗ ಅದರ ನೆಲೆ ನಾಟಿಂಗ್‌ಹ್ಯಾಮ್. ಅದರ ‘ವಾರ್‌ಹ್ಯಾಮರ್’ ಆಟ ಮೊದಲು ಬಂದದ್ದು 1983ರಲ್ಲಿ. ಎಲ್ಫ್, ಡ್ವಾರ್ಫ್, ಆರ್ಕ್ ಮೊದಲಾದ ಕಲ್ಪನಾ ಲೋಕದ ಸೈನ್ಯಗಳನ್ನು ದೊಡ್ಡ ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ ಯುದ್ಧ ಆಡುವುದು ಇದರ ಬಗೆ. ಒಂದು ಆಟಕ್ಕೆ ಮೂರು ತಾಸು ಹಿಡಿಯುವುದು ಮಾಮೂಲು. ಬೊಂಬೆಗಳು ಬಿಡಿಭಾಗಗಳಾಗಿ ಬರುತ್ತವೆ. ಪ್ಲಾಸ್ಟಿಕ್ ಚೌಕಟ್ಟಿನಿಂದ ಅವನ್ನು ಕತ್ತರಿಸಿ, ಅಂಚು ಹೆರೆದು, ಅಂಟಿಸಿ, ಬಣ್ಣ ಹಚ್ಚುವುದು ಕೊಂಡವರ ಕೆಲಸ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲು ಇಡೀ ಬೊಂಬೆಗೆ ಕಪ್ಪು ಅಥವಾ ಬಿಳಿ ಅಸ್ತರು. ಅದರ ಮೇಲೆ ಮೈಗೆ, ಬಟ್ಟೆಗೆ, ಲೋಹಕ್ಕೆ ಬೇರೆಬೇರೆ ಬಣ್ಣ. ಆಮೇಲೆ ನೀರಿನಷ್ಟು ತೆಳುವಾದ ಕಂದು ಬಣ್ಣವನ್ನು ಹರಿಯಬಿಟ್ಟರೆ ಅದು ಮಡಿಕೆಗಳ ಸಂದಿಗೆ ಇಳಿದು ನೆರಳಾಗಿ ನಿಲ್ಲುತ್ತದೆ. ಅದು ಒಣಗಿದ ಮೇಲೆ, ಹೆಚ್ಚುಕಡಿಮೆ ಒಣಗಿದ ಕುಂಚವನ್ನು ಉಬ್ಬಿದ ಅಂಚುಗಳ ಮೇಲೆ ಮೆಲ್ಲಗೆ ಸವರಿದರೆ ಬೆಳಕು ಬಿದ್ದಂತಾಗುತ್ತದೆ. ಕೊನೆಗೆ ಉಸಿರು ಬಿಗಿಹಿಡಿದು ಕಣ್ಣಿಗೆ ಎರಡು ಚುಕ್ಕೆ, ತಳಕ್ಕೆ ಅಂಟು ಸವರಿ ಮರಳು. ಹತ್ತು ಬೊಂಬೆ ಮುಗಿಯುವ ಹೊತ್ತಿಗೆ ಎಷ್ಟೋ ಸಂಜೆಗಳು ಕಳೆದಿರುತ್ತವೆ. ಅಂಗಡಿಯಿಂದ ಬಂದದ್ದು ಬೂದು ಪ್ಲಾಸ್ಟಿಕ್. ಮೇಜಿನ ಮೇಲೆ ನಿಂತದ್ದು ಒಬ್ಬರ ಕೈಯ ಗುರುತು ಹೊತ್ತ ಯೋಧ.

ಚಪ್ಪಲಿಗೆ ಎರಡು ಬಳಕೆ ಉಂಟು, ತೊಡುವುದಕ್ಕೂ ಆಗುತ್ತದೆ, ಬದಲಿಗೆ ಕೊಟ್ಟು ಇನ್ನೊಂದನ್ನು ಪಡೆಯುವುದಕ್ಕೂ ಆಗುತ್ತದೆ ಎಂದು ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ನ ಮೊದಲ ಭಾಗದಲ್ಲಿ ಹೇಳುತ್ತಾನೆ. ಬಳಕೆಯ ಮೌಲ್ಯ ಬೇರೆ, ವಿನಿಮಯದ ಮೌಲ್ಯ ಬೇರೆ ಎಂಬ ಚರ್ಚೆಗೆ ಅದೇ ಬೀಜ. ಆದರೆ ಚಪ್ಪಲಿ ತೊಡಲು ಒಬ್ಬನೇ ಸಾಕು. ಊರಿನ ಉಳಿದವರೆಲ್ಲ ಬರಿಗಾಲಲ್ಲಿ ನಡೆದರೂ ನನ್ನ ಚಪ್ಪಲಿ ನನ್ನ ಕಾಲನ್ನು ಕಾಯುತ್ತದೆ. ಆಟದ ಬೊಂಬೆ ಹಾಗಲ್ಲ. ಮೇಜಿನ ಆಚೆ ಬದಿಯಲ್ಲಿ ಇನ್ನೊಬ್ಬ, ತನ್ನ ಸೈನ್ಯದೊಂದಿಗೆ, ಅದೇ ನಿಯಮ ಒಪ್ಪಿಕೊಂಡು ಬಂದು ನಿಲ್ಲದಿದ್ದರೆ ನನ್ನ ಸೈನ್ಯ ಕಪಾಟಿನ ಅಲಂಕಾರವಷ್ಟೇ. ನಮ್ಮ ಚೌಕಾಬಾರವನ್ನು ನೆನೆಯಿರಿ. ನೆಲದ ಮೇಲೆ ಸೀಮೆಸುಣ್ಣದ ಮನೆ, ಕವಡೆ, ಕಾಯಿಗೆ ಬಳೆಚೂರೋ ಹುಣಸೆಬೀಜವೋ. ಕಾಯಿಗೆ ಕಾಸಿನ ಬೆಲೆಯಿಲ್ಲ. ಆಟದ ಸೊಗಸೆಲ್ಲ ಸುತ್ತ ಕೂತವರಿಂದ ಬರುತ್ತದೆ. ಕಿರುಬೊಂಬೆಯ ಆಟದಲ್ಲಿ ಕಾಯಿಗೂ ಸೊಗಸುಂಟು ನಿಜ. ಹಾಗೆಂದು ಸುತ್ತಲಿನವರು ಬೇಡವಾಗುವುದಿಲ್ಲ.

ಹೀಗೆ ನೋಡಿದರೆ ಒಂದು ಬೊಂಬೆಯ ಮೌಲ್ಯಕ್ಕೆ ಮೂವರು ಪಾಲುದಾರರು: ಅಚ್ಚು ಮಾಡಿದವರು, ಬಣ್ಣ ಹಚ್ಚಿದವರು, ಎದುರು ನಿಂತವರು. ದುಡ್ಡು ಹೋಗುವುದು ಮೊದಲನೆಯವರಿಗೆ ಮಾತ್ರ. ಅದರಲ್ಲಿ ತಪ್ಪಿಲ್ಲ, ಮಾರುವವರು ಅವರೇ ತಾನೆ. ತೊಂದರೆ ಬರುವುದು ಬೆಲೆಯೇರಿಕೆ ಮೂರನೆಯವರನ್ನು ಮೇಜಿನಿಂದ ದೂರ ಅಟ್ಟಿದಾಗ. ನಾನು ಕೊಂಡು, ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಸೈನ್ಯದ ಮೌಲ್ಯ ಆಗ ನನ್ನ ಕೈಮೀರಿ ಕುಸಿಯುತ್ತದೆ. ಹೊಸಬರಿಗೆ ಹಾಕಿದ ಬೆಲೆಯ ಪೆಟ್ಟು ಹಳಬರಿಗೂ ತಾಗುತ್ತದೆ.

ಇದಕ್ಕೆ 1983ರ ಆ ಮೂಲ ಆಟದ, ಅಂದರೆ ‘ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್’ನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2010ರಲ್ಲಿ ಬಂದ ಎಂಟನೇ ಆವೃತ್ತಿಯ ನಿಯಮಗಳು ಹತ್ತು ಜನ ಅಗಲದ ದೊಡ್ಡ ದಂಡುಗಳಿಗೆ ಹೆಚ್ಚಿನ ಬಲ ಕೊಟ್ಟವು. ಅಂಥ ದಂಡಿನಲ್ಲಿ ಹಿಂದಿನ ಇನ್ನೊಂದು ಸಾಲೂ ಹೊಡೆದಾಟಕ್ಕೆ ಇಳಿಯಬಹುದಿತ್ತು. ಮೂವತ್ತು ಬೊಂಬೆಯ ದಂಡು ಕಟ್ಟಬೇಕೆಂದರೆ ಆ ವಿಚ್ ಎಲ್ಫ್ ಪೆಟ್ಟಿಗೆ ಮೂರು ಬೇಕು, 105 ಪೌಂಡ್. ಅದು ಒಂದೇ ದಂಡು. ಸೈನ್ಯಕ್ಕೆ ಅಂಥವು ಹಲವು. ನಿಯಮ ಹೆಚ್ಚು ಬೊಂಬೆ ಬೇಡುತ್ತಿದ್ದ ಕಾಲದಲ್ಲೇ ಪೆಟ್ಟಿಗೆಯೊಳಗಿನ ಬೊಂಬೆಗಳ ಸಂಖ್ಯೆ ಇಳಿಯುತ್ತಿತ್ತು, ಬೆಲೆ ಏರುತ್ತಿತ್ತು. ಕಾಲೇಜು ಓದುವ ಹುಡುಗನೊಬ್ಬ ಅಂಗಡಿಗೆ ಬಂದು ಲೆಕ್ಕ ಹಾಕಿದರೆ ಮೊದಲ ಸರಿಯಾದ ಆಟ ಆಡುವ ಮುಂಚೆ ನೂರಾರು ಪೌಂಡ್ ಸುರಿಯಬೇಕಿತ್ತು. ಅವನು ಹಿಂದಿರುಗಿ ಹೋದ. ಅವನು ಹೋದದ್ದು ಕಂಪನಿಗೆ ಒಂದು ಮಾರಾಟದ ನಷ್ಟ. ಒಳಗಿದ್ದ ಹಳೆಯ ಆಟಗಾರನಿಗೆ ಮುಂದಿನ ಹತ್ತು ವರ್ಷದ ಎದುರಾಳಿಯ ನಷ್ಟ.

2014ರ ವಾರ್ಷಿಕ ವರದಿಯಲ್ಲಿ, ಆಗ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಟಾಮ್ ಕರ್ಬಿ, ತಾವು ಗ್ರಾಹಕರ ಸಮೀಕ್ಷೆ ಮಾಡುವುದಿಲ್ಲ, ಏನು ಬೇಕೆಂದು ಮಾರುಕಟ್ಟೆಯನ್ನು ಕೇಳುವುದಿಲ್ಲ ಎಂಬರ್ಥದ ಮಾತು ಬರೆದರು. ಮರುವರ್ಷ, 2015ರಲ್ಲಿ, ಮೂವತ್ತೆರಡು ವರ್ಷ ನಡೆದ ಆಟ ನಿಂತಿತು. ಕಥೆಯೊಳಗೆ ಆ ಇಡೀ ಲೋಕವನ್ನೇ ಪ್ರಳಯದಲ್ಲಿ ನಾಶಮಾಡಿ, ಅದರ ಜಾಗದಲ್ಲಿ ‘ಏಜ್ ಆಫ್ ಸಿಗ್ಮಾರ್’ ಎಂಬ ಹೊಸ ಆಟ ತಂದರು. ಅವಸಾನಕ್ಕೆ ಬೆಲೆಯೊಂದೇ ಕಾರಣವೆಂದು ನಾನು ಹೇಳಲಾರೆ. ನಿಯಮಪುಸ್ತಕದ ದಪ್ಪ, ಕಂಪನಿಯ ಇನ್ನೊಂದು ಆಟವಾದ ‘ವಾರ್‌ಹ್ಯಾಮರ್ 40,000’ದ ಸೆಳೆತ, ಇವೂ ಇದ್ದವು. ಆದರೆ ಹೊಸಬರು ಒಳಬರುವ ಬಾಗಿಲನ್ನು ಅಷ್ಟು ಎತ್ತರದಲ್ಲಿಟ್ಟ ಆಟ ಬಹುಕಾಲ ಬಾಳುವುದಿಲ್ಲ. ಹೊಸ ಆಟದ ಮೊದಲ ನಿಯಮಗಳು ನಾಲ್ಕೇ ಪುಟ, ಅದೂ ಉಚಿತ. ಬಾಗಿಲು ಎತ್ತರವಾಗಿತ್ತೆಂದು ಕಂಪನಿಗೂ ಹೊಳೆದಿತ್ತು ಎಂದೇ ನಾನು ಅದನ್ನು ಓದುತ್ತೇನೆ. 2024ರ ಜನವರಿಯಲ್ಲಿ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಹಳೆಯ ಲೋಕ ಮರಳಿ ಬಂತು. ಎಷ್ಟೋ ಹಳೆಯ ಅಚ್ಚಿನ ಬೊಂಬೆಗಳೂ ಬಂದವು, ಹೊಸ ಬೆಲೆಯೊಂದಿಗೆ.

ಬೆಲೆಗಿಂತ ಹೆಚ್ಚು ನನ್ನನ್ನು ಕಾಡುವುದು ಆವೃತ್ತಿಗಳ ವಿಷಯ. 40,000ದ ಎಂಟನೇ ಆವೃತ್ತಿ 2017ರಲ್ಲಿ, ಒಂಬತ್ತನೆಯದು 2020ರಲ್ಲಿ, ಹತ್ತನೆಯದು 2023ರಲ್ಲಿ ಬಂದವು. ಏಜ್ ಆಫ್ ಸಿಗ್ಮಾರ್‌ಗೂ 2018, 2021, 2024 ಎಂದು ಮೂರು ವರ್ಷಕ್ಕೊಮ್ಮೆ ಹೊಸ ನಿಯಮ. ಹೊಸ ನಿಯಮದೊಂದಿಗೆ ಹೊಸ ಪುಸ್ತಕಗಳು, ಹೊಸ ಲೆಕ್ಕ. ನಿನ್ನೆ ಗೆಲ್ಲಿಸುತ್ತಿದ್ದ ದಂಡು ಇಂದು ನಿಷ್ಪ್ರಯೋಜಕ. 2024ರಲ್ಲಿ ‘ಬೀಸ್ಟ್ಸ್ ಆಫ್ ಕೇಯಾಸ್’ ಎಂಬ ಇಡೀ ಸೈನ್ಯವನ್ನೇ ಏಜ್ ಆಫ್ ಸಿಗ್ಮಾರ್‌ನಿಂದ ಕೈಬಿಡುವುದಾಗಿ ಪ್ರಕಟಣೆ ಬಂತು. ಓಲ್ಡ್ ವರ್ಲ್ಡ್‌ನಲ್ಲಿ ಅವಕ್ಕೆ ಜಾಗವಿದೆ ಎನ್ನಬಹುದು. ಆದರೆ ಅವುಗಳನ್ನು ಹಿಡಿದು ಆಡುತ್ತಿದ್ದವರ ಗೆಳೆಯರು ಆಡುವುದು ಬೇರೆ ಆಟ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಇಂಥ ಬಾಳಿಕೆಯ ವಸ್ತುವನ್ನು ನಿಯಮದ ಮೂಲಕ ಹಾಲು ಸೊಪ್ಪಿನ ಹಾಗೆ ಬೇಗ ಕೆಡುವಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಬೆಲೆಯೇರಿಕೆಗಿಂತ ದೊಡ್ಡ ಅನ್ಯಾಯ. ಬೆಲೆ ಹೆಚ್ಚೆನಿಸಿದರೆ ಕೊಳ್ಳದೆ ಸುಮ್ಮನಿರಬಹುದು. ಕೊಂಡಾದ ಮೇಲೆ, ಹಗಲಿರುಳು ಬಣ್ಣ ಹಚ್ಚಿಯಾದ ಮೇಲೆ ಮೌಲ್ಯ ಕಿತ್ತುಕೊಂಡರೆ ಎಲ್ಲಿ ಕೇಳುವುದು?

ಇದಕ್ಕೆ ಪ್ರತಿಯಾಗಿ ಗಟ್ಟಿ ವಾದಗಳಿವೆ. ಇದು ಅಕ್ಕಿ ಬೇಳೆಯಲ್ಲ, ಹವ್ಯಾಸ. ಯಾರೂ ಯಾರನ್ನೂ ಕೊಳ್ಳಿ ಎಂದು ಒತ್ತಾಯಿಸಿಲ್ಲ. ಕಂಪನಿ ಕೆಲಸವನ್ನು ಅಗ್ಗದ ಕೂಲಿಯ ದೇಶಕ್ಕೆ ಸಾಗಿಸದೆ ನಾಟಿಂಗ್‌ಹ್ಯಾಮ್‌ನಲ್ಲೇ ಬೊಂಬೆ ಮಾಡುತ್ತಿದೆ, ಲಾಭದಲ್ಲಿ ಒಂದು ಪಾಲನ್ನು ನೌಕರರಿಗೆ ಹಂಚುತ್ತಿದೆ. ತನ್ನ ಅಂಗಡಿಗಳಲ್ಲಿ ಹೊಸಬರಿಗೆ ಬಣ್ಣ ಹಚ್ಚಲು, ಆಡಲು ಕಲಿಸುತ್ತದೆ. ಅಷ್ಟರಮಟ್ಟಿಗೆ ಎದುರಾಳಿಗಳನ್ನೂ ಅದೇ ಬೆಳೆಸುತ್ತಿದೆ. ಇವೆಲ್ಲ ಒಪ್ಪತಕ್ಕ ಮಾತುಗಳು. ಎಲ್ಲಕ್ಕಿಂತ ಜೋರಾದ ವಾದ ಯಶಸ್ಸಿನದು. 2024ರ ಡಿಸೆಂಬರಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ಎಫ್‌ಟಿಎಸ್‌ಇ 100ಕ್ಕೆ ಏರಿತು. 2025ರಲ್ಲಿ ಮುಗಿದ ವರ್ಷದ ಆದಾಯ 60 ಕೋಟಿ ಪೌಂಡ್ ದಾಟಿತು, ತೆರಿಗೆಗೆ ಮುಂಚಿನ ಲಾಭ 26 ಕೋಟಿ ಪೌಂಡ್ ಮೀರಿತು. ಮೌಲ್ಯ ಇಳಿದಿದ್ದರೆ ಜನ ಇಷ್ಟು ಕೊಳ್ಳುತ್ತಿದ್ದರೇ?

ಕೊಳ್ಳುತ್ತಿದ್ದರು. ಇಂದು 40,000 ಆಡುವವರು ಎಲ್ಲ ಕಡೆ ಇದ್ದಾರೆ, ಆದ್ದರಿಂದಲೇ ಜನ ಅದನ್ನು ಕೊಳ್ಳುತ್ತಾರೆ. ಬೇರೆ ಆಟ ಅಗ್ಗವಾಗಿ ಸಿಕ್ಕರೂ ಎದುರಾಳಿ ಸಿಗುವುದಿಲ್ಲ. ಅಂದರೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಪ್ಲಾಸ್ಟಿಕ್ಕಿಗಲ್ಲ, ಆಟಗಾರರ ಆ ಬಳಗಕ್ಕೆ ಸೇರಿಕೊಳ್ಳುವುದಕ್ಕೆ. ಉಕ್ಕಿನ ಅಚ್ಚು ಕೊರೆಯುವುದು ಬಹಳ ದುಬಾರಿ, ಆದರೆ ಕೊರೆದಾದ ಮೇಲೆ ಒಂದೊಂದು ಚೌಕಟ್ಟು ಒತ್ತಲು ಬೀಳುವ ಖರ್ಚು ಅಲ್ಪ. ಹೀಗಾಗಿ ಬೆಲೆಯನ್ನು ನಿರ್ಧರಿಸುವುದು ತಯಾರಿಕೆಯ ಖರ್ಚಿಗಿಂತ ಹೆಚ್ಚಾಗಿ ಕೊಳ್ಳುವವನ ತಾಳಿಕೆ. ಆ ಬಳಗವನ್ನು ನಲವತ್ತು ವರ್ಷ ಕಟ್ಟಿದವರಲ್ಲಿ ಕಂಪನಿಯ ಜೊತೆಗೆ ಸಾವಿರಾರು ಆಟಗಾರರೂ ಇದ್ದಾರೆ: ಕ್ಲಬ್ಬು ನಡೆಸಿದವರು, ಗೊತ್ತಿಲ್ಲದವರಿಗೆ ಹೇಳಿಕೊಟ್ಟವರು, ತಮ್ಮ ಬೊಂಬೆ ಕೊಟ್ಟು ಆಡಿಸಿದವರು. ಅವರು ಕಟ್ಟಿದ್ದನ್ನೇ ಅವರಿಗೆ ವರ್ಷವರ್ಷ ಹೆಚ್ಚು ಬೆಲೆಗೆ ಮಾರುವುದು ಕಾನೂನಿನ ಪ್ರಕಾರ ಸರಿ. ನ್ಯಾಯವಾಗಿ ಸರಿಯೆಂದು ನಾನು ಒಪ್ಪುವುದಿಲ್ಲ.

ಈ ಆಟ ಕಂಪನಿಯ ಆಸ್ತಿಯಾಗಿ ಹುಟ್ಟಿದ್ದೂ ಅಲ್ಲ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಟ್ಟ ಪುಸ್ತಕ ಬರೆದಾಗ ಆಡುವವರು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಆಟಿಕೆ ತೋಪಿನಿಂದ ಹೊಡೆದು ಕೆಡವುತ್ತಿದ್ದರು. ಗೇಮ್ಸ್ ವರ್ಕ್‌ಶಾಪಿನ ಪತ್ರಿಕೆ ‘ವೈಟ್ ಡ್ವಾರ್ಫ್’ ಕೂಡ ಎಂಬತ್ತರ ದಶಕದಲ್ಲಿ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ಯುದ್ಧವಾಹನ ಮಾಡುವುದನ್ನು ಓದುಗರಿಗೆ ಹೇಳಿಕೊಟ್ಟಿತ್ತು. ಆ ಪುಟವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಮಾರುವವರೇ ಮುಂದೆ ಬಂದು, ಕೊಳ್ಳದೆಯೂ ಆಡಬಹುದು ಎಂದು ಮಕ್ಕಳಿಗೆ ತೋರಿಸಿದ ಪುಟ ಅದು. ಆ ಉದಾರತೆಯೇ ಬಳಗವನ್ನು ಬೆಳೆಸಿತು.

ಈಗ ಅದೇ ಉದಾರತೆ ಬೇರೆ ಕಡೆಗಳಿಂದ ಬರುತ್ತಿದೆ. 2015ರ ‘ಫ್ರಾಸ್ಟ್‌ಗ್ರೇವ್’ ಆಟಕ್ಕೆ ಹತ್ತು ಬೊಂಬೆ ಸಾಕು, ಯಾರು ಮಾಡಿದ್ದಾದರೂ ಆದೀತು. ಪೆರಿ ಸೋದರರು, ಮ್ಯಾಂಟಿಕ್ ಮೊದಲಾದವರು ಪ್ಲಾಸ್ಟಿಕ್ ಬೊಂಬೆಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಮನೆಯಲ್ಲೇ ಇಟ್ಟುಕೊಳ್ಳಬಹುದಾದ ತ್ರೀಡಿ ಪ್ರಿಂಟರಿನಲ್ಲಿ ರಾಳದ ಬೊಂಬೆ ಮುದ್ರಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಬೆಂಗಳೂರಿನಂಥ ಊರಿನಲ್ಲಿ ಕೂತು ಪೆಟ್ಟಿಗೆ ತರಿಸಿದರೆ ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ಇಲ್ಲಿನವರಿಗಂತೂ ಈ ದಾರಿಗಳೇ ಗತಿ. ಆದರೆ ಅಗ್ಗದ ಬೊಂಬೆಯೂ ತನ್ನಿಂದ ತಾನೇ ಎದುರಾಳಿಯನ್ನು ತರುವುದಿಲ್ಲ. ಅದು ಆಡುವವರೇ ಮಾಡಬೇಕಾದ ಕೆಲಸ.

ಆದ್ದರಿಂದ ಈ ಹವ್ಯಾಸ ಇರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸ ಆವೃತ್ತಿ ಬಂತೆಂದು ಹಳೆಯ ನಿಯಮಪುಸ್ತಕವನ್ನು ರದ್ದಿಗೆ ಹಾಕಬೇಡಿ; ನಿಮಗಿಬ್ಬರಿಗೂ ಒಪ್ಪಿಗೆಯಾದ ನಿಯಮದಲ್ಲಿ ಆಡಿ, ಯಾರ ಅಪ್ಪಣೆಯೂ ಬೇಕಿಲ್ಲ. ಬಣ್ಣ ಹಚ್ಚದ ಬೊಂಬೆ, ಬೇರೆ ಕಂಪನಿಯ ಬೊಂಬೆ ತಂದವರನ್ನು ಮೇಜಿನಿಂದ ಎಬ್ಬಿಸಬೇಡಿ. ಮಂಚದಡಿ ಬಿಚ್ಚದೆ ಬಿದ್ದಿರುವ ಪೆಟ್ಟಿಗೆಗಳಲ್ಲಿ ಒಂದನ್ನು, ಕೊಳ್ಳಲಾಗದೆ ದೂರ ನಿಂತು ನೋಡುವ ಹುಡುಗನಿಗೋ ಹುಡುಗಿಗೋ ಕೊಡಿ. ಕೊಟ್ಟು ಸುಮ್ಮನಾಗದೆ ಮುಂದಿನ ಭಾನುವಾರ ಆಡಲು ಕರೆಯಿರಿ.