ಮನೆಯ ಸಂಘವೂ ಮನಸ್ಸಿನ ಸಂಘವೂ

ಸಂಘವೆಂಬ ಶಬ್ದವನ್ನು ನಾವು ಬಹು ಪ್ರೀತಿಯಿಂದ ಬಳಸುತ್ತೇವೆ. ಕನ್ನಡಿಗನು ಪರಸ್ಥಳಕ್ಕೆ ಹೋದರೆ ಸ್ವಂತ ಮನೆ ಕಟ್ಟುವುದಕ್ಕೆ ಮುಂಚೆಯೇ ಒಂದು ಸಂಘವನ್ನು ಕಟ್ಟುತ್ತಾನೆಂದು ಹಾಸ್ಯಮಾಡುವವರುಂಟು. ಆ ಹಾಸ್ಯದಲ್ಲಿ ಸುಳ್ಳು ಹೆಚ್ಚಿಲ್ಲ. ಆದರೆ ಇಂದಿನ ಪಟ್ಟಣಗಳಲ್ಲಿ ಬೇರೊಂದು ಬಗೆಯ ಸಂಘವು ಬೆಳೆದುನಿಂತಿದೆ. ಒಂದೇ ಕಟ್ಟಡದಲ್ಲಿ ಮನೆಗಳನ್ನು ಕೊಂಡವರೆಲ್ಲ ಕೂಡಿ ನೋಂದಾಯಿಸಿಕೊಳ್ಳುವ ಸಂಘವದು. ಮಹಾರಾಷ್ಟ್ರದಲ್ಲಿ ಜನರು ಅದನ್ನು ಬರಿದೆ 'ಸೊಸೈಟಿ' ಎನ್ನುತ್ತಾರೆ. ಮೆಟ್ಟಿಲು, ಅಂಗಳ, ನೀರಿನ ಟಾಕಿ, ಹೊರಗೋಡೆ ಇವೆಲ್ಲ ಎಲ್ಲರಿಗೂ ಸೇರಿದವು. ಅವುಗಳನ್ನು ನೋಡಿಕೊಳ್ಳಲು ಚುನಾಯಿತ ಸಮಿತಿ, ಅಧ್ಯಕ್ಷ, ಕಾರ್ಯದರ್ಶಿ, ವರ್ಷಕ್ಕೊಂದು ಮಹಾಸಭೆ.

ದೇವಣಿಯಂತಹ ಊರಿನಲ್ಲಿರುವ ನಮಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ನಮ್ಮ ಶಾಲೆಗಳಲ್ಲಿ ಕಲಿತ ಹುಡುಗರು ಲಾತೂರು, ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಹೋದಾಗ ಮೊದಲು ತಟ್ಟುವ ಬಾಗಿಲು ಇಂಥ ಸೊಸೈಟಿಯದೇ. ಅಲ್ಲಿ ಅವರನ್ನು ಕೇಳುವ ಪ್ರಶ್ನೆಗಳು ಬಾಡಿಗೆಯ ಹಣಕ್ಕೆ ಮಾತ್ರ ಸಂಬಂಧಿಸಿರುವುದಿಲ್ಲ. ಯಾವ ಊರು, ಯಾವ ಜನ, ಏನು ಉಣ್ಣುತ್ತೀರಿ ಎಂಬುವೂ ಬರುತ್ತವೆ. ಹೀಗಿರುವಾಗ ನಾವು ವಿಚಾರಿಸತಕ್ಕ ಮಾತೊಂದಿದೆ: ತನ್ನ ನೆರೆಯವನು ಯಾರಾಗಿರಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕು ಮನೆಯೊಡೆಯರ ಸಂಘಕ್ಕೆ ಇದೆಯೇ?

ಕಾನೂನನ್ನು ಮೊದಲು ನೋಡೋಣ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಅಧಿನಿಯಮವು ಸದಸ್ಯತ್ವದ ಬಾಗಿಲನ್ನು ತೆರೆದಿಡಬೇಕೆನ್ನುತ್ತದೆ. ಅರ್ಹನಾದವನನ್ನು ಸಾಕಷ್ಟು ಕಾರಣವಿಲ್ಲದೆ ನಿರಾಕರಿಸಕೂಡದು. ನಿರಾಕರಿಸಿದರೆ ಕಾರಣವನ್ನು ತಿಳಿಸಬೇಕು. ಅರ್ಜಿ ಕೊಟ್ಟು ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಅರ್ಜಿದಾರನು ಸೇರಿಸಲ್ಪಟ್ಟನೆಂದೇ ತಿಳಿಯತಕ್ಕದ್ದು. ಉದಾರವಾದ ನಿಯಮ. ಆದರೆ 'ಅರ್ಹನು' ಎಂಬೊಂದು ಶಬ್ದದಲ್ಲಿ ಗಂಟು ಬಿದ್ದಿದೆ. ಅರ್ಹನು ಯಾರೆಂಬುದನ್ನು ಸಂಘದ ಉಪನಿಯಮವು ಹೇಳುತ್ತದೆ. ಉಪನಿಯಮವನ್ನು ಬರೆಯುವವರು ಒಳಗಿರುವವರು.

ಈ ಗಂಟು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಹಮದಾಬಾದಿನಲ್ಲಿ 1926ರಲ್ಲಿ ನೋಂದಾಯಿತವಾದ ಪಾರಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದರ ಉಪನಿಯಮದಂತೆ ಪಾರಸಿಗಳಿಗೆ ಮಾತ್ರ ಸದಸ್ಯತ್ವ. ಅದರ ಸದಸ್ಯನೊಬ್ಬನು ಹಳೆಯ ಬಂಗಲೆಯ ಜಾಗದಲ್ಲಿ ವಸತಿಗಳನ್ನು ಕಟ್ಟಿ ಇತರರಿಗೂ ಮಾರಬಯಸಿದನು, ಸಂಘವು ತಡೆಯಿತು. ಗುಜರಾತದ ಉಚ್ಚ ನ್ಯಾಯಾಲಯದ ಅಭಿಪ್ರಾಯವು ಸಂಘಕ್ಕೆ ವಿರುದ್ಧವಾಗಿತ್ತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಘದ ಪರವಾಗಿ ತೀರ್ಪಿತ್ತಿತು. ಸಮಾನತೆಯ ಮೂಲಭೂತ ಹಕ್ಕು ರಾಜ್ಯವನ್ನು ಕಟ್ಟಿಹಾಕುತ್ತದೆ, ಸಂಘವು ರಾಜ್ಯವಲ್ಲ. ಸಂವಿಧಾನದ 19ನೆಯ ಅನುಚ್ಛೇದವು ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಉಪನಿಯಮವನ್ನು ಒಪ್ಪಿ ಸೇರಿದವನು ಅದಕ್ಕೆ ಬದ್ಧನು, ಎಂಬುದು ಅದರ ಸಾರ.

ಈ ತೀರ್ಪನ್ನು ಹಗುರಾಗಿ ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಅದರ ಬುಡದಲ್ಲಿರುವ ಸ್ವಾತಂತ್ರ್ಯವೇ ನಮ್ಮಂತಹ ಭಾಷಾಸಂಘಗಳ ಉಸಿರು. ಪ್ರಯಾಗದ ಹಿಂದೀ ಸಾಹಿತ್ಯ ಸಮ್ಮೇಲನವನ್ನು 1962ರ ಕಾನೂನಿನಿಂದ ಪುನಾರಚಿಸಿ ಹೊಸ ಸದಸ್ಯರನ್ನು ಅದರೊಳಗೆ ತುಂಬಲು ಸರ್ಕಾರವು ಹೊರಟಾಗ, 1971ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾನೂನನ್ನು ರದ್ದುಮಾಡಿತು. ಸಂಘ ಕಟ್ಟುವ ಹಕ್ಕಿನಲ್ಲಿ, ತಾವು ಆರಿಸಿಕೊಂಡವರೊಡನೆ ಅದನ್ನು ನಡೆಸಿಕೊಂಡು ಹೋಗುವ ಹಕ್ಕೂ ಅಡಗಿದೆಯೆಂದು ಅದು ಹೇಳಿತು. ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 2011ರ ಜನಗಣತಿಯಲ್ಲಿ ಸುಮಾರು 10 ಲಕ್ಷ. ಇಷ್ಟು ದೊಡ್ಡ ರಾಜ್ಯದಲ್ಲಿ ಅದು ಹಿಡಿಯಷ್ಟೇ. ನಾಳೆ ಯಾರಾದರೂ ಬಂದು ನಮ್ಮ ಸಂಘದ ಪಟ್ಟಿಯಲ್ಲಿ ಕನ್ನಡ ಬೇಡವೆನ್ನುವ ನೂರು ಹೆಸರುಗಳನ್ನು ಸೇರಿಸಿದರೆ ನಮ್ಮ ಗತಿಯೇನು? 1971ರ ತೀರ್ಪು ನಮಗೆ ಕಾವಲು.

ಆದರೆ ಪ್ರಯಾಗದ ಸಮ್ಮೇಲನವೂ ಅಹಮದಾಬಾದಿನ ಸೊಸೈಟಿಯೂ ಒಂದೇ ಜಾತಿಯ ಸಂಘಗಳೇ? ನಮಗೆ ಹಾಗೆ ತೋರುವುದಿಲ್ಲ. ಸಾಹಿತ್ಯಸಂಘವು ತನ್ನನ್ನು ಸೇರಿಸಿಕೊಳ್ಳದಿದ್ದರೆ ಮನುಷ್ಯನು ಬೇಸರಪಟ್ಟುಕೊಂಡು ಸಂಜೆ ತನ್ನ ಮನೆಗೆ ಹೋಗಿ ಊಟಮಾಡುತ್ತಾನೆ. ಬೇಕಾದರೆ ನಾಲ್ಕು ಜನರನ್ನು ಕೂಡಿಸಿ ಬೇರೆ ಸಂಘ ತೆಗೆಯುತ್ತಾನೆ. (ಕನ್ನಡಿಗರು ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ.) ಮನೆಯ ಸಂಘವು ನಿರಾಕರಿಸಿದವನಿಗೆ ಹೋಗಲು ಆ ಮನೆಯೇ ಇಲ್ಲ. ಒಂದು ಮನಸ್ಸುಗಳ ಕೂಟ, ಇನ್ನೊಂದು ಗೋಡೆಗಳ ಕೂಟ. ಮನಸ್ಸಿಗೆ ಎಷ್ಟು ಕೂಟಗಳನ್ನಾದರೂ ಕಟ್ಟಬಹುದು; ನೆಲಕ್ಕೆ ಮಾತ್ರ ಮಿತಿಯುಂಟು. ಒಬ್ಬರು ತಮಗಾಗಿ ಬೇಲಿ ಹಾಕಿಕೊಂಡ ನೆಲವು ಮತ್ತೊಬ್ಬರಿಗೆ ಕಡಿಮೆಯಾಗುತ್ತದೆ.

ಇದಕ್ಕೆ ಪ್ರತಿಯಾಗಿ ಬಲವಾದ ಮಾತೊಂದಿದೆ. ನಿರಾಶ್ರಿತರಾದವರು ತಮ್ಮವರೊಡನೆ ಕೂಡಿ ಆಶ್ರಯ ಕಟ್ಟಿಕೊಂಡರೆ ತಪ್ಪೇನು? ಕನ್ನಡ ಕರಾವಳಿಯಿಂದ ಮುಂಬಯಿಗೆ ಹೋದ ಸಾರಸ್ವತರು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುತ್ತಿದ್ದವರು, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘವನ್ನು ಕಟ್ಟಿದರು. ಅದರ ಹಿಂದೆ ನಿಂತವರು ಶ್ರೀಪಾದ ಸುಬ್ಬರಾವ ತಲಮಕಿಯವರು. 1906ರಲ್ಲಿ ಶಾಮರಾವ ವಿಠ್ಠಲ ಸಹಕಾರ ಬ್ಯಾಂಕನ್ನು ಸ್ಥಾಪಿಸಿದವರೂ ಅವರೇ. ದುಡಿಯಲು ಬಂದ ಗುಮಾಸ್ತನಿಗೆ ತಕ್ಕ ಬಾಡಿಗೆಯ ಮನೆ ದುರ್ಲಭವಾಗಿದ್ದ ಪಟ್ಟಣದಲ್ಲಿ ಅದು ಸಾಹಸದ ಕೆಲಸ. ಅವರನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. ಪಾರಸಿಗಳ ವಿಷಯವೂ ಹಾಗೆಯೇ; 2011ರಲ್ಲಿ ದೇಶದಲ್ಲೆಲ್ಲ ಅವರ ಸಂಖ್ಯೆ 57,264 ಮಾತ್ರ. ಕರಗುತ್ತಿರುವ ಜನಾಂಗವು ಒಟ್ಟಿಗೆ ಇರಬಯಸಿದರೆ ಅದನ್ನು ಅಹಂಕಾರವೆನ್ನಲಾಗದು.

ಆದರೆ ಆಶ್ರಯಕ್ಕೆಂದು ಬರೆದ ನಿಯಮವನ್ನು ಕೋಟೆಗೆಂದು ಬಳಸುವುದಕ್ಕೆ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಅಲ್ಪಸಂಖ್ಯಾತರಿಗೆ ಕೊಟ್ಟ ಬೀಗದ ಕೈ ಬಹುಸಂಖ್ಯಾತರ ಕೈಯಲ್ಲಿಯೂ ತಿರುಗುತ್ತದೆ. ಗಾಮದೇವಿಯ ಸಂಘದಲ್ಲಿ ಕನ್ನಡನಾಡಿನವನಿಗೆ ಆಶ್ರಯ ಕೊಟ್ಟ ತತ್ತ್ವವೇ ಪುಣೆಯ ಯಾವುದೋ ಕಟ್ಟಡದಲ್ಲಿ ನಮ್ಮ ಹುಡುಗನನ್ನು ಹೊರಗೆ ನಿಲ್ಲಿಸಬಲ್ಲದು.

ಅಮೇರಿಕದಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಸೇಂಟ್ ಲೂಯಿಸ್ ನಗರದ ಒಂದು ಬೀದಿಯ ಮನೆಯೊಡೆಯರು, ಕರಿಯರಿಗೆ ಮನೆ ಕೊಡಬಾರದೆಂದು 1911ರಲ್ಲಿ ಕರಾರು ಬರೆದುಕೊಂಡಿದ್ದರು. 1945ರಲ್ಲಿ ಶೆಲ್ಲಿ ಎಂಬ ಕರಿಯರ ಕುಟುಂಬವು ಅಲ್ಲಿ ಮನೆ ಕೊಂಡಿತು. 1948ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದುದು ಸೂಕ್ಷ್ಮವಾಗಿದೆ: ಖಾಸಗಿಯವರು ಇಂಥ ಕರಾರು ಮಾಡಿಕೊಂಡರೆ ಅದಷ್ಟೇ ಸಂವಿಧಾನಭಂಗವಲ್ಲ, ಆದರೆ ಅದನ್ನು ಜಾರಿಗೊಳಿಸಲು ನ್ಯಾಯಾಲಯವು ತನ್ನ ಕೈ ಕೊಟ್ಟರೆ, ಆ ಕೈ ರಾಜ್ಯದ ಕೈ. ನಮ್ಮ ವಿದ್ಯಾರ್ಥಿಗಳು ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಚರ್ಚಿಸಬೇಕು. ನಮ್ಮ ಒಲವು 1948ರದರ ಕಡೆಗೆ.

ಆ ಒಲವಿಗೆ ಕಾರಣವು ನಮ್ಮ ನೆಲದಲ್ಲಿಯೇ ಇದೆ. ಉಪನಿಯಮವೆಂಬ ಹೆಸರು ಹುಟ್ಟುವ ಮೊದಲೇ ನಮ್ಮ ಹಳ್ಳಿಗಳಲ್ಲಿ ಓಣಿಗಳಿದ್ದವು. ಯಾರ ಮನೆ ಯಾವ ಓಣಿಯಲ್ಲಿ, ಯಾವ ಬಾವಿಗೆ ಯಾರ ಕೊಡ ಎಂಬುದು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಂವಿಧಾನದ 15ನೆಯ ಅನುಚ್ಛೇದವು ಸಾರ್ವಜನಿಕ ಬಾವಿಯನ್ನೂ ಅಂಗಡಿಯನ್ನೂ ಎಲ್ಲರಿಗೂ ತೆರೆಯಿತು. ಓಣಿಯ ಮಾತನ್ನು ಎತ್ತಲಿಲ್ಲ. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರ್ಗಾ ಸೀಮೆಯ ಓಣಿಗಳನ್ನೆಲ್ಲ ಒಂದೇ ಮಣ್ಣುಗುಡ್ಡೆ ಮಾಡಿತು. ಐವತ್ತರಷ್ಟು ಹಳ್ಳಿಗಳನ್ನು ಬೇರೆಡೆಯಲ್ಲಿ ಹೊಸದಾಗಿ ಕಟ್ಟಿದರು. ಆಗ ಭೂಮಿಯ ಒಡೆತನವನ್ನು ನೋಡಿ 250, 400, 750 ಚದರ ಅಡಿಗಳ ಮೂರು ತರದ ಮನೆಗಳನ್ನು ಕೊಡಲಾಯಿತು. ಭೂಮಿಯಿಲ್ಲದವನಿಗೆ ಅತಿ ಚಿಕ್ಕದು. ಎಲ್ಲವನ್ನೂ ಮೊದಲಿನಿಂದ ಬರೆಯಬಹುದಾದ ಗಳಿಗೆಯಲ್ಲಿಯೂ ಹಳೆಯ ಅಂತಸ್ತು ಅಳತೆಪಟ್ಟಿ ಹಿಡಿದು ಮರಳಿ ಬಂದಿತು.

ಹಾಗಾದರೆ ಮನೆಯ ಸಂಘವು ಯಾವ ನಿಯಮವನ್ನೂ ಮಾಡಬಾರದೇ? ಮಾಡಬೇಕು. ನೀರನ್ನು ಪೋಲುಮಾಡಬಾರದು, ಹಣ ಬಾಕಿ ಇಡಬಾರದು, ರಾತ್ರಿ ಗದ್ದಲ ಮಾಡಬಾರದು ಎಂದು ಹೇಳಲಿ. ಇವು ನಡತೆಯ ನಿಯಮಗಳು. ಯಾರೂ ಇವನ್ನು ಪಾಲಿಸಬಲ್ಲರು. ಹುಟ್ಟನ್ನು ಪಾಲಿಸುವುದು ಯಾರಿಂದಲೂ ಆಗದು. ಭಾಷೆಯು ಇವೆರಡರ ನಡುವೆ ನಿಂತಿದೆ: ತಾಯಿಂದ ಬರುತ್ತದೆ, ಕಲಿತರೂ ಬರುತ್ತದೆ. ಮರಾಠಿ ಮನೆಯ ಹುಡುಗಿಯು ಕನ್ನಡ ಕಲಿತು ನಮ್ಮ ಸಂಘಕ್ಕೆ ಬಂದರೆ ಅವಳನ್ನು ತಡೆಯುವ ನಿಯಮ ನಮ್ಮಲ್ಲಿರಬಾರದು. ಇದ್ದರೆ ನಾವೂ ಗೋಡೆಯ ಸಂಘವೇ.

ಒಳಗೆ ಸೇರಿದ ಮೇಲಾದರೂ ಕಷ್ಟ ಮುಗಿಯಿತೆ? 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಹಕಾರ ಸಂಘದ ಸದಸ್ಯನಾದವನು ಸಂಘದ ಮಟ್ಟಿಗೆ ತನ್ನ ಪ್ರತ್ಯೇಕ ವ್ಯಕ್ತಿತ್ವವನ್ನು ಕಳೆದುಕೊಳ್ಳುತ್ತಾನೆಂದು ಹೇಳಿತು. ಗೊಬ್ಬರ ಹಂಚುವ ಸಂಘಕ್ಕೆ ಇದು ಹೊಂದಬಹುದು. ಮನೆಯ ಸಂಘದಲ್ಲಿ ಕಳೆದುಹೋಗುವ ವ್ಯಕ್ತಿತ್ವವೆಂದರೆ ಅಡಿಗೆಮನೆ, ತೊಟ್ಟಿಲು, ದೇವರ ಗೂಡು. ಮುಂಬಯಿಯ ಸೊಸೈಟಿಗಳಲ್ಲಿ ವಾಸಿಸುವವರ ಬಹುಮತವು, ಮನೆಯನ್ನು ಬಾಡಿಗೆಗೆ ಕೊಟ್ಟು ಬೇರೆಡೆ ಇರುವ ಸದಸ್ಯರ ಮೇಲೆ ಮನಬಂದಂತೆ ಶುಲ್ಕ ಹೇರತೊಡಗಿದಾಗ, ರಾಜ್ಯಸರ್ಕಾರವು 2001ರಲ್ಲಿ ಆ ಶುಲ್ಕವು ಸೇವಾವೆಚ್ಚದ ನೂರಕ್ಕೆ 10ನ್ನು ಮೀರಬಾರದೆಂದು ಆಜ್ಞೆಮಾಡಬೇಕಾಯಿತು. ಮುಂಬಯಿ ಉಚ್ಚ ನ್ಯಾಯಾಲಯವು 2007ರಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ಸದಸ್ಯನನ್ನು ಕಾಪಾಡಿದ್ದು ಮಹಾಸಭೆಯಲ್ಲ, ಹೊರಗಿನ ಕಾನೂನು. ಬಾಡಿಗೆದಾರನ ಪಾಡು ಇನ್ನೂ ಕೆಳಗೆ. ಆ ಸಭೆಯಲ್ಲಿ ಅವನಿಗೆ ಕೈ ಎತ್ತುವ ಹಕ್ಕೂ ಇಲ್ಲ. ನಮ್ಮ ಊರಿನಿಂದ ಪಟ್ಟಣ ಸೇರುವ ಹುಡುಗರು ಮೊದಲ ಹತ್ತು ವರ್ಷ ಬಾಡಿಗೆದಾರರಾಗಿಯೇ ಇರುತ್ತಾರೆ.