ಮುರಿಯುವ ಕಂಬದ ಧರ್ಮ

ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರನಿಗೂ ನದಿಗಳಿಗೂ ನಡೆದ ಸಂವಾದವೊಂದುಂಟು. ಮಹಾವೃಕ್ಷಗಳನ್ನು ಬೇರುಸಹಿತ ಹೊತ್ತುತರುವ ನೀವು ಬಡ ಬೆತ್ತವನ್ನೇಕೆ ತರುವುದಿಲ್ಲವೆಂದು ಸಮುದ್ರನು ಕೇಳಲು, ಬೆತ್ತವು ಪ್ರವಾಹಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಮರವು ಬಾಗಲೊಲ್ಲದೆ ಬೀಳುತ್ತದೆ ಎಂದು ಗಂಗೆಯು ಹೇಳುತ್ತಾಳೆ. ಅಲ್ಲಿ ಬಾಗುವುದು ಆತ್ಮರಕ್ಷಣೆಗಾಗಿ. ತನ್ನನ್ನು ಹೊಡೆದವನ ರಕ್ಷಣೆಗಾಗಿ ತಾನೇ ಮುರಿಯುವ ವಸ್ತುವೂ ಲೋಕದಲ್ಲುಂಟೆ?

ಉಂಟು. ಬೀದರ ನಗರದ ಚಿದ್ರಿಯಲ್ಲಿ ಬೀದಿಯ ದೀಪದ ಕಂಬವನ್ನು ನೋಡುವವನು, ಅದು ಗಟ್ಟಿಯಾದಷ್ಟೂ ಲೇಸೆಂದೇ ಎಣಿಸುವನು. ಆದರೆ ೧೯೬೦ರ ದಶಕದಲ್ಲಿ ಅಮೆರಿಕೆಯ ಎಂಜಿನಿಯರರು ಬೇರೊಂದು ಬಗೆಯಾಗಿ ಆಲೋಚಿಸಿದರು. ಗಾಳಿಗೆ ನಿಲ್ಲುವಷ್ಟು ಬಲವೂ, ಕಾರು ಬಡಿದೊಡನೆ ಬುಡದಲ್ಲಿ ಕಳಚಿಕೊಳ್ಳುವಷ್ಟು ದೌರ್ಬಲ್ಯವೂ ಕೂಡಿದ ಕಂಬಗಳನ್ನು ಅವರು ರಸ್ತೆಗೆ ತಂದರು.

ಅಜಾಗರೂಕನಾಗಿ ನಡೆಸಿದವನಿಗೆ ಕಂಬವೇಕೆ ಸೋಲಬೇಕೆಂದು ಕೆಲವರು ಆಕ್ಷೇಪಿಸಬಹುದು. ತಪ್ಪಿಗೆ ದಂಡವಿರಲಿ, ಕ್ಷಣಮಾತ್ರದ ಪ್ರಮಾದಕ್ಕೆ ಮರಣವೇ ದಂಡವೆಂದು ಯಾವ ಧರ್ಮಶಾಸ್ತ್ರವು ವಿಧಿಸೀತು? ಅದೂ ಅಲ್ಲದೆ, ಪಕ್ಕದಲ್ಲಿ ಕುಳಿತ ಮಗುವು ಮಾಡಿದ ತಪ್ಪಾವುದು?

ಆದರೂ ಈ ಕ್ಷಮೆಗೊಂದು ಕೊರತೆಯುಂಟು. ಕಾರು ಎದುರಾಗಿ ಬಡಿದರೆ ಅದರ ಮೂತಿಯೂ ಯಂತ್ರವೂ ಹೊಡೆತವನ್ನು ತಾಳಿ ಕಂಬವನ್ನು ಕಳಚಿಸುತ್ತವೆ. ಜಾರಿ ತಿರುಗಿ ಪಕ್ಕದಿಂದ ಬಡಿದರೆ, ಮನುಷ್ಯನಿಗೂ ಕಂಬಕ್ಕೂ ನಡುವೆ ಇರುವುದು ಒಂದು ಬಾಗಿಲು ಮಾತ್ರ. ಕಂಬವು ಕಳಚುವ ಮೊದಲೇ ಬಾಗಿಲು ಒಳನುಗ್ಗಬಹುದು. ಬಲಶಾಲಿಯ ಪೆಟ್ಟಿಗೆ ದಾರಿಬಿಡುವ ಕಂಬವು ದುರ್ಬಲನ ಪೆಟ್ಟನ್ನು ಅರಿಯದೆ ನಿಂತುಬಿಡುತ್ತದೆ. ಆದುದರಿಂದಲೇ ಪಕ್ಕದ ಡಿಕ್ಕಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು. ನಮ್ಮ ದೇಶದಲ್ಲಿ ೨೦೨೩ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಗಳಲ್ಲಿಯೂ ಘಂಟೆಗೆ ೨೯ ಕಿಲೋಮೀಟರ್ ವೇಗದಲ್ಲಿ ಕಾರಿನ ಪಕ್ಕವನ್ನು ಕಂಬಕ್ಕೆ ಬಡಿಸುವುದುಂಟು. ಆದರೆ ಆ ಕಂಬವು ಕದಲುವುದಿಲ್ಲ. ಅಲ್ಲಿ ಪರೀಕ್ಷೆ ಕಾರಿಗೆ, ಕಂಬಕ್ಕಲ್ಲ. ರಕ್ಷಣೆಯ ಭಾರವು ಒಬ್ಬನದೇ ಆಗಬೇಕೆ? ಕಾರನ್ನು ಕಟ್ಟುವವನೂ ಕಂಬವನ್ನು ನೆಡುವವನೂ ಅದನ್ನು ಹಂಚಿಕೊಳ್ಳುವುದೇ ನ್ಯಾಯ.

ಇನ್ನೊಂದು ಮಾತುಂಟು. ಕಳಚಿದ ಕಂಬವು ಎಲ್ಲಿಯಾದರೂ ಬೀಳಲೇಬೇಕು. ನಿರ್ಜನವಾದ ಹೆದ್ದಾರಿಯಲ್ಲಿ ಅದು ಹೊಲಕ್ಕೆ ಬೀಳುವುದು. ತರಕಾರಿ ಮಾರುವವರೂ ಶಾಲೆಯ ಮಕ್ಕಳೂ ನಡೆಯುವ ಪೇಟೆಯ ಬೀದಿಯಲ್ಲಿ ನಿರಪರಾಧಿಯ ತಲೆಯ ಮೇಲೆಯೇ ಬಿದ್ದೀತು. ಕಾರಿನಲ್ಲಿದ್ದವನಿಗೆ ತೋರಿದ ದಯೆಯು ನಡೆಯುವವನಿಗೆ ಕ್ರೌರ್ಯವಾಗಬಾರದು. ಅಲ್ಲಿ ಕಾರಿನ ವೇಗವನ್ನು ತಗ್ಗಿಸುವುದೇ ಮೊದಲಿನ ಕರ್ತವ್ಯ.

ಕ್ಷಮೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಗುವವನು ಯಾರಿಗಾಗಿ ಬಾಗಿದೆನೆಂಬುದನ್ನು ಮಾತ್ರವಲ್ಲ, ಯಾರ ಮೇಲೆ ಬಿದ್ದೆನೆಂಬುದನ್ನೂ ನೋಡಬೇಕು. ವಿವೇಕವು ಜೊತೆಗಿದ್ದರೆ ಮಾತ್ರ ಕ್ಷಮೆಯು ಧರ್ಮವೆನಿಸುವುದು.