ಓಡುವ ಹಾಗೋ, ನೋಡುವ ಹಾಗೋ?

ಮನೆಯಲ್ಲಿ ಹಳೆಯ ವಸ್ತುವೊಂದಿದ್ದರೆ ಅದು ಮೂಲೆಯಲ್ಲಿ ಕುಳಿತೇ ನಮ್ಮನ್ನು ಏನನ್ನೋ ಕೇಳುತ್ತಿರುತ್ತದೆ. ಅಜ್ಜಿಯ ಬೀಸುವ ಕಲ್ಲಾದರೆ ಅದರ ಮೇಲೊಂದು ಹೂವಿನ ಕುಂಡವಿಟ್ಟು ಸಮಾಧಾನ ಮಾಡಬಹುದು. ಮೋಟಾರು ಕಾರನ್ನು ಹಾಗೆ ಸಮಾಧಾನ ಮಾಡಲು ಬರುವುದಿಲ್ಲ. ಹಿರಿಯೂರಿನ ನಮ್ಮ ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಅಂಥದೊಂದು ನಿಂತಿದೆ. 1934ರ ಆಸ್ಟಿನ್ ಸೆವೆನ್. ಆ ಕಾಲದವರ ಬಾಯಲ್ಲಿ ಬೇಬಿ ಆಸ್ಟಿನ್. ನಿಂತು ಐವತ್ತು ವರ್ಷಗಳಿಗೂ ಮೇಲಾಯಿತು.

ಅದರ ಮಾತು ಮತ್ತೆ ಎದ್ದದ್ದು 2022ರ ಸೆಪ್ಟೆಂಬರಿನಲ್ಲಿ. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, ಎಂಬತ್ತೊಂಬತ್ತು ವರ್ಷಗಳಾದ ಮೇಲೆ, ಕೋಡಿ ಬಿದ್ದಿತ್ತು. ಮಾರಿಕಣಿವೆಯ ನೀರು ನೋಡಲು ಊರೂರಿಂದ ಜನ ಬಂದರು. ನಮ್ಮ ನೆಂಟರೂ ಬಂದರು. ನೀರು ನೋಡಿ ಬಂದವರು ಊಟವಾದ ಮೇಲೆ ಷೆಡ್ಡಿನ ಬಾಗಿಲು ತೆಗೆಸಿದರು. ಹಿಂದಿನ ಕೋಡಿಯ ಮರುವರ್ಷ ಹುಟ್ಟಿದ ಕಾರು, ಕೋಳಿಗೂಡಿನ ಹಿಂದೆ, ನಾಲ್ಕು ಕಲ್ಲುಗಳ ಮೇಲೆ ಕುಳಿತಿತ್ತು.

ಕಾರು ನಮ್ಮ ದೊಡ್ಡಪ್ಪನದು. ಅವರು ವೈದ್ಯರು. ಹಿರಿಯೂರಿನ ಸೀಮೆಯಲ್ಲಿ ಮಲೇರಿಯದ ಕಾಟ ಹೆಚ್ಚಾಗಿದ್ದ ಕಾಲದಲ್ಲಿ, 1938ರಲ್ಲಿ, ಅದನ್ನು ಎರಡನೆಯ ಕೈಯಿಂದ ಕೊಂಡರು. ಏಳುನೂರ ನಲವತ್ತೇಳು ಸಿ.ಸಿ.ಯ ಪುಟ್ಟ ಎಂಜಿನ್ನು. ಇಂದಿನ ದೊಡ್ಡ ಮೋಟಾರ್ ಸೈಕಲ್ಲುಗಳಿಗೂ ಅದಕ್ಕಿಂತ ದೊಡ್ಡದಿರುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಚಕ್ರವನ್ನು ಕಚ್ಚಿಕೊಂಡರೆ ಬಿಡುವುದಲ್ಲ. ಆಗ ಹಳ್ಳಿಯವರು ಎತ್ತು ಕಟ್ಟಿ ಎಳೆಯುತ್ತಿದ್ದರು. ಎಡಗಡೆಯ ಮಡ್‌ಗಾರ್ಡಿನಲ್ಲಿರುವ ನಗ್ಗು ಹಾಗೆ ಹಗ್ಗ ಜಾರಿದಾಗ ಬಿದ್ದದ್ದು. ಕೊಂಡ ಕೆಲವು ತಿಂಗಳಲ್ಲೇ ದೊಡ್ಡಪ್ಪ ಎಡಗಡೆಯ ಮುಂದಿನ ಸೀಟನ್ನು ಕೀಳಿಸಿ, ಅಲ್ಲಿಂದ ಹಿಂದಿನವರೆಗೆ ಉದ್ದಕ್ಕೆ ಒಂದು ಹಲಗೆ ಹಾಕಿಸಿದರು. ಹೆರಿಗೆ ಕಷ್ಟವಾದ ಹೆಂಗಸರನ್ನು ಅದರ ಮೇಲೆ ಮಲಗಿಸಿ ಚಿತ್ರದುರ್ಗದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಆ ಹಲಗೆಯ ಒಂದು ಅಂಚು, ಒಂದು ಗೇಣಿನಷ್ಟು ಜಾಗ, ಗಾಜಿನಂತೆ ನುಣುಪಾಗಿದೆ. ಅದು ಬಡಗಿಯ ಕೆಲಸವಲ್ಲ. ನೋವಿನಲ್ಲಿ ಹಿಡಿದುಕೊಂಡ ಕೈಗಳ ಕೆಲಸ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ದೊಡ್ಡಪ್ಪ ತೀರಿಕೊಂಡದ್ದು 1981ರಲ್ಲಿ. ಅದಕ್ಕೆ ಎರಡು ವರ್ಷ ಮೊದಲಿನಿಂದ ನನ್ನನ್ನು ಕೇಳುತ್ತಿದ್ದರು: "ಒಂದು ಸಲ ಅದನ್ನ ಸ್ಟಾರ್ಟ್ ಮಾಡಿಸೋ ಮಗು. ತೇರು ಬೀದೀಲಿ ಒಂದು ಸುತ್ತು ಸಾಕು." ಆಗ ಕಾರು ಇಷ್ಟು ಕೆಟ್ಟಿರಲಿಲ್ಲ. ಕೈಯಲ್ಲಿ ಸ್ವಲ್ಪ ಹಣವೂ ಇತ್ತು. "ಆಗಲಿ ದೊಡ್ಡಪ್ಪ, ದಸರಾ ಆಗಲಿ" ಎಂದೆ. ದಸರಾ ಆದ ಮೇಲೆ ಸಂಕ್ರಾಂತಿ ಎಂದೆ. ಎರಡು ದಸರಾಗಳು ಹಾಗೆಯೇ ಕಳೆದವು.

ಈಗ ನನಗೆ ಎಪ್ಪತ್ತಾರು. ಕಳೆದ ವರ್ಷ ಕೊನೆಗೂ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವರು ಕಾರನ್ನು ಎರಡು ಸುತ್ತು ಬಂದು, ಕೆಳಗೆ ಬಗ್ಗಿ ನೋಡಿ, ಕೈ ಒರೆಸಿಕೊಂಡು ಕೇಳಿದರು: "ಇದನ್ನ ಓಡೋ ಹಾಗೆ ಮಾಡ್ಲಾ ಸಾರ್, ನೋಡೋ ಹಾಗೆ ಮಾಡ್ಲಾ?"

ತತ್ತ್ವಶಾಸ್ತ್ರದ ಪುಸ್ತಕಗಳನ್ನು ಅಷ್ಟಿಷ್ಟು ಓದಿದವನು ನಾನು. ಇಷ್ಟು ನೇರವಾದ ಪ್ರಶ್ನೆಯನ್ನು ಅಲ್ಲಿ ಕಂಡಿರಲಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಉತ್ತರ ಸಿದ್ಧವಾಗಿತ್ತು. "ಹೊಸದರಂತೆ ಮಾಡಿಸೋಣ ಮಾವ" ಎಂದ. ಸಾಧ್ಯವಿಲ್ಲದ ಮಾತೇನಲ್ಲ. 1922ರಿಂದ 1939ರವರೆಗೆ ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಇಂಥ ಕಾರುಗಳು ಲಕ್ಷಗಟ್ಟಲೆ ಹೊರಬಂದವು. ಇಂಗ್ಲೆಂಡಿನ ಅಭಿಮಾನಿಗಳ ಸಂಘಗಳ ದಯದಿಂದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಥಳಥಳಿಸುವ ಹಳೆಯ ಕಾರುಗಳ ಸಾಲನ್ನು ನೋಡಿದವರಿಗೆ ಹುಡುಗನ ಆಸೆ ಅರ್ಥವಾದೀತು. ಕಾನೂನನ್ನೂ ಅವನು ಓದಿಕೊಂಡಿದ್ದ. 2021ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ ಕಾರನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು. ಆದರೆ ಅದು ಮೂಲರೂಪದಲ್ಲಿರಬೇಕು. ಷಾಸಿ, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಬದಲಾವಣೆ ಆಗಿರಬಾರದು. "ಹಲಗೆ ತೆಗೆದು ಸೀಟು ಹಾಕಿಸಬೇಕು ಮಾವ. ಸ್ಪರ್ಧೆಗೆ ಹೋದರೆ ತೀರ್ಪುಗಾರರು ಅದನ್ನು ನೋಡಿಯೇ ಅಂಕ ಕಳೆಯುತ್ತಾರೆ" ಎಂದ.

ಮೂಲರೂಪ! ಯಾವ ದಿನದ ರೂಪ ಮೂಲರೂಪ? ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ದಿನದ ಕಾರಿಗೆ ಹಿರಿಯೂರು ಎಂಬ ಊರಿದೆಯೆಂದೇ ಗೊತ್ತಿರಲಿಲ್ಲ. ಅದನ್ನು ಆ ದಿನಕ್ಕೆ ಒಯ್ದರೆ ನಗ್ಗು ಹೋಗುತ್ತದೆ, ಹಲಗೆ ಹೋಗುತ್ತದೆ, ಆ ಗೇಣಿನಷ್ಟು ನುಣುಪು ಹೋಗುತ್ತದೆ. ಉಳಿಯುವುದು ಯಾರಿಗೂ ಏನನ್ನೂ ಮಾಡಿಕೊಡದ ಒಂದು ಸುಂದರವಾದ ಕಾರು.

ಅಕ್ಕನ ಮಾತು ಇದಕ್ಕೆ ತೀರ ವಿರುದ್ಧ. "ಮುಟ್ಟಬೇಡ ಕಣೋ. ಅವರು ಬಿಟ್ಟು ಹೋದ ಹಾಗೇ ಇರಲಿ" ಎಂದಳು. ಅವಳ ಪಕ್ಷಕ್ಕೂ ದೊಡ್ಡ ಸಾಕ್ಷಿಯುಂಟು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಮಜೋರೆ ಸರೋವರದ ತಳದಲ್ಲಿ 1925ರ ಬುಗಾಟಿ ಕಾರೊಂದು ಎಪ್ಪತ್ತಕ್ಕೂ ಹೆಚ್ಚು ವರ್ಷ ಮುಳುಗಿತ್ತು. 2009ರಲ್ಲಿ ಅದನ್ನು ಮೇಲೆತ್ತಿದರು. ಮರುವರ್ಷ ಕೊಂಡವರು ಅದನ್ನು ರಿಪೇರಿ ಮಾಡಿಸಲಿಲ್ಲ. ತುಕ್ಕು ತಿಂದ ಮೈಯಲ್ಲೇ ಕ್ಯಾಲಿಫೋರ್ನಿಯದ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಅದಕ್ಕೊಂದು ಗಾಂಭೀರ್ಯವಿತ್ತು. ಆದರೆ ಆ ತುಕ್ಕು ಸರೋವರದ್ದು. ನಮ್ಮ ಕಾರಿನ ತುಕ್ಕು ನನ್ನದು. ನನ್ನ ಸೋಮಾರಿತನಕ್ಕೆ ಪಾವಿತ್ರ್ಯವೆಂಬ ಹೆಸರು ಕೊಟ್ಟು ಅದನ್ನು ಕಾಪಾಡುವುದು ನ್ಯಾಯವೆ? ಅಲ್ಲದೆ ಗೆದ್ದಲಿಗೆ ಭಕ್ತಿಯಿಲ್ಲ. ಬಿಟ್ಟ ಹಾಗೇ ಇರಲಿ ಎಂದರೆ, ಅದು ಬಿಟ್ಟ ಹಾಗೇ ಇರುವುದೂ ಇಲ್ಲ.

ಹಿಂದೆ ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ರಥದ ವಿಷಯವಾಗಿ ಮಾತು ನಡೆಯಿತಂತೆ. ಅಚ್ಚು ರಥವೆ? ಚಕ್ರ ರಥವೆ? ನೊಗ ರಥವೆ? ಒಂದೊಂದಕ್ಕೂ ರಾಜ ಅಲ್ಲವೆಂದ. ಕೊನೆಗೆ, ಇವೆಲ್ಲ ಕೂಡಿದಾಗ ರಥವೆಂಬ ಹೆಸರು ಬರುತ್ತದೆ ಎಂಬಲ್ಲಿಗೆ ಇಬ್ಬರೂ ಬಂದರು. ಭಿಕ್ಷುವಿಗೆ ಅಷ್ಟು ಸಾಕಾಗಿತ್ತು. ಅವನಿಗೆ ಹೇಳಬೇಕಾಗಿದ್ದುದು ಆತ್ಮದ ಮಾತು. ಮುರಿದ ರಥವನ್ನು ಷೆಡ್ಡಿನಲ್ಲಿಟ್ಟುಕೊಂಡವನಿಗೆ ಅಷ್ಟು ಸಾಲದು.

ನನಗೆ ದಾರಿ ತೋರಿಸಿದ್ದು ನಮ್ಮೂರಿನ ತೇರು. ನಮ್ಮ ದೇವರ ಹೆಸರೇ ತೇರುಮಲ್ಲೇಶ್ವರ. ತೇರಿಗೆ ಗಾಲಿ ಸವೆದರೆ ಗಾಲಿ ಹಾಕುತ್ತಾರೆ, ಅಚ್ಚು ಬಿರುಕು ಬಿಟ್ಟರೆ ಅಚ್ಚು ಬದಲಾಯಿಸುತ್ತಾರೆ. ಇದು ಅದೇ ತೇರೋ ಅಲ್ಲವೋ ಎಂದು ಹಗ್ಗ ಹಿಡಿದವರು ಯಾರೂ ಕೇಳುವುದಿಲ್ಲ. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಗೂ ಅಷ್ಟೆ; ಅದು ನೀರು ನಿಲ್ಲಿಸಿಕೊಂಡಿರುವವರೆಗೆ ಅದರ ಮೂಲರೂಪದ ಚರ್ಚೆ ರೈತನಿಗೆ ಬೇಕಿಲ್ಲ. ಕೆಲಸ ಮಾಡುತ್ತಿರುವ ವಸ್ತುವಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನಿಂತುಹೋದ ಮೇಲೆ ಏಳುತ್ತದೆ. ದೊಡ್ಡಪ್ಪ ಇದ್ದಾಗ ರಿಪೇರಿ ಮಾಡಿಸಿದ್ದರೆ ಅದು ಬರಿಯ ರಿಪೇರಿಯಾಗುತ್ತಿತ್ತು. ನಲವತ್ತು ವರ್ಷ ತಡಮಾಡಿದ್ದರಿಂದ ಅದು ನನಗೆ ಧರ್ಮಸಂಕಟವಾಗಿ ಬಡ್ಡಿ ಸಮೇತ ಹಿಂದಿರುಗಿತು.

ಹೊಸದರಂತೆ ಮಾಡಿಸುವ ಆಸೆ ನನ್ನೊಳಗೂ ಇತ್ತು ಎಂಬುದನ್ನು ಆಗ ಕಂಡೆ. ಬಣ್ಣ ಬಳಿದರೆ ನಗ್ಗಿನ ಜೊತೆಗೆ ನಾನು ಹೇಳಿದ "ದಸರಾ ಆಗಲಿ" ಎಂಬುದೂ ಮುಚ್ಚಿಹೋಗುತ್ತದೆ. ನೋಡಿದವರು, "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ!" ಎನ್ನುತ್ತಾರೆ. ಇಟ್ಟುಕೊಂಡಿರಲಿಲ್ಲವಲ್ಲ! ಕಾರಿಗೆ ಬಳಿಯುವ ಬಣ್ಣ ನನಗೂ ಒಂದು ಕೋಟು ಆಗುತ್ತಿತ್ತು. 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ವಾಸ್ತುತಜ್ಞರು ಹಳೆಯ ಕಟ್ಟಡಗಳ ವಿಷಯದಲ್ಲಿ ಒಂದು ಗೆರೆ ಎಳೆದರು: ಊಹೆ ಎಲ್ಲಿ ಮೊದಲಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ನನ್ನಂಥವನ ಮಟ್ಟಿಗೆ ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಬೇಕು: ಸುಳ್ಳು ಎಲ್ಲಿ ಮೊದಲಾಗುತ್ತದೆಯೋ ಅಲ್ಲಿಯೂ ನಿಲ್ಲಬೇಕು.

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. "ಓಡುವ ಹಾಗೆ ಮಾಡಿ" ಎಂದೆ. ಎಂಜಿನ್ನು ಬಿಚ್ಚಬೇಕು, ಬ್ರೇಕಿನ ತಂತಿ, ಟೈರು ಹೊಸವು ಬೇಕು, ಮೈಯೊಳಗಿನ ಮರದಲ್ಲಿ ಗೆದ್ದಲು ತಿಂದಷ್ಟು ತೆಗೆದು ಬೇರೆ ಹಾಕಬೇಕು. ಹೊಸ ಮರದ ಮೇಲೆಲ್ಲ ವರ್ಷದ ಅಂಕೆ ಕೆತ್ತಿ ಎಂದೆ. ಮುಂದೆ ನೋಡುವವರಿಗೆ ಯಾವುದು ಹಳತು, ಯಾವುದು ಹೊಸತು ಎಂಬುದು ತಿಳಿಯಲಿ. ತುಕ್ಕನ್ನು ಉಜ್ಜಿ, ಮುಂದೆ ಹಬ್ಬದಂತೆ ಎಣ್ಣೆ ಹಚ್ಚಬೇಕು. ಬಣ್ಣ ಬೇಡ, ನಗ್ಗು ತೆಗೆಯಬೇಡಿ ಎಂದೆ. ಅಕ್ಕನ ಮಗನಿಗೆ ಅಸಮಾಧಾನವಾಯಿತು. ಅವನ ಸ್ಪರ್ಧೆಗೆ ಇದು ಹೋಗಲಾರದು. ಅಕ್ಕನಿಗೂ ಅಸಮಾಧಾನವೇ.

"ಹಲಗೆ ಸಾರ್?" ಎಂದರು ಮೇಸ್ತ್ರಿ. ನಾನು ಉತ್ತರ ಹೇಳುವ ಮೊದಲೇ ಅವರ ಕೈ ಅದರ ಅಂಚಿನ ಮೇಲೆ ಹೋಗಿ, ಆ ನುಣುಪಾದ ಜಾಗದಲ್ಲಿ ನಿಂತಿತು. ಏನೆಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಜ್ಜೀನೂ ಈ ಕಡೆ ಹಳ್ಳಿಯೋರೇ ಸಾರ್. ಇದು ಇರಲಿ" ಎಂದರು.

ಕೆಲಸ ನಡೆಯುತ್ತಿದೆ. ಮುಗಿದ ದಿನ ತೇರು ಬೀದಿಯಲ್ಲಿ ಒಂದು ಸುತ್ತು ಹೋಗಿ ಬರಬೇಕೆಂದಿದ್ದೇನೆ. ಕೇಳಿದವರಿಗೆ ಅದನ್ನು ಕೊಡಲು ನನ್ನಿಂದಾಗಲಿಲ್ಲ; ಇನ್ನು ಆಗುವುದೂ ಇಲ್ಲ. ಓದುಗರ ಮನೆಯಲ್ಲಿಯೂ ಯಾರಾದರೂ ಹಿರಿಯರು ಒಂದು ರೇಡಿಯೋವನ್ನೋ ಗಡಿಯಾರವನ್ನೋ ತೋರಿಸಿ, "ಇದನ್ನ ಒಂದು ಸಲ ಸರಿಮಾಡಿಸಪ್ಪ" ಎನ್ನುತ್ತಿರಬಹುದು. ದಸರಾದವರೆಗೆ ಕಾಯಬೇಡಿ.